ತಗದಿಡ್ರಿ, ತೊಳದಿಡ್ರಿ

ಮನೆಯಲ್ಲಿ ಹಳೆಯ ಬೆಳ್ಳಿ ರೂಪಾಯಿ ಇದ್ದರೆ ಅದನ್ನು ತೊಳೆಯಬೇಡಿ. ಹುಣಸೆಹಣ್ಣು ಬೇಡ, ನಿಂಬೆಹಣ್ಣು ಬೇಡ, ವಿಭೂತಿ ಬೇಡ, ಹಲ್ಲುಜ್ಜುವ ಪೇಸ್ಟಂತೂ ಬೇಡವೇ ಬೇಡ. ಕಪ್ಪಗಿದ್ದರೆ ಕಪ್ಪಗಿರಲಿ. ಅದರ ಮುಖ ನೋಡಿ ಯಾರೂ ನಿಮ್ಮ ಮನೆಯ ಜೊತೆ ಬೀಗತನ ಮಾಡುವುದಿಲ್ಲ. ಇಷ್ಟು ಹೇಳಲಿಕ್ಕೇ ನಾನು ಬರೆಯಲು ಕುಳಿತದ್ದು. ಆದರೆ ಬರೀ ಇಷ್ಟೇ ಹೇಳಿದರೆ ನೀವು ‘ಹ್ಞೂ’ ಅಂದು ಬೆರಳಿನಿಂದ ಮೇಲಕ್ಕೆ ಸರಿಸಿಬಿಡುತ್ತೀರಿ, ಹಬ್ಬ ಬಂತೆಂದರೆ ಮತ್ತೆ ಬಚ್ಚಲಿಗೆ ಒಯ್ದು ತಿಕ್ಕುತ್ತೀರಿ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಮಾತು ಒರಟಾದರೆ ಹೊಂದಿಸಿಕೊಳ್ಳಿ.

ನನ್ನ ತವರು ಬಸವನ ಬಾಗೇವಾಡಿ, ಕೊಟ್ಟದ್ದು ಸಿಂದಗಿಗೆ. ಅವ್ವ ತೀರಿಕೊಂಡು ವರ್ಷವಾಯಿತು. ಅವಳು ನಾಲತವಾಡದವಳು. ಮದುವೆಯಾಗಿ ಬಾಗೇವಾಡಿಗೆ ಬರುವಾಗ ಅವಳ ಅವ್ವ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಅರಿಶಿನಬೇರಿನ ಜೊತೆ ಒಂದು ರಾಣಿ ಛಾಪಿನ, ಅಂದರೆ ಬ್ರಿಟಿಷ್ ರಾಣಿಯ ಮುಖವಿರುವ, ಬೆಳ್ಳಿ ರೂಪಾಯಿ ಹಾಕಿದ್ದಳಂತೆ. ನನ್ನವ್ವ ಅದನ್ನು ಖರ್ಚು ಮಾಡಲಿಲ್ಲ, ದೇವರ ಜಗಲಿಯ ಮೇಲೆ ಇಡಲಿಲ್ಲ, ಕೊಂಡಿ ಹಚ್ಚಿಸಿ ಸರಕ್ಕೆ ಪೋಣಿಸಲೂ ಇಲ್ಲ. ಮದುವೆಯ ಇಳಕಲ್ ಸೀರೆ ಹರಿದಾಗ ಅದರದೊಂದು ತುಂಡು ಕತ್ತರಿಸಿ, ರೂಪಾಯಿಯನ್ನು ಅದರಲ್ಲಿ ಬಿಗಿಯಾಗಿ ಸುತ್ತಿ, ಟ್ರಂಕಿನ ತಳದಲ್ಲಿ ಇಟ್ಟುಬಿಟ್ಟಳು. ಅವಳು ಅದನ್ನು ಬಿಚ್ಚಿ ನೋಡಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ.

ಹೋಗುವ ಮೊದಲು ಒಂದು ಮಾತು ಹೇಳಿ ಹೋದಳು: "ನನ್ನ ಬೆಳ್ಳಿ ಎಲ್ಲಾ ಕೂಸಿಗೆ." ಕೂಸು ಅಂದರೆ ನನ್ನ ಅಣ್ಣನ ಮೊಮ್ಮಗ. ಅವನ ಲಿಂಗಧಾರಣೆಗೆ ಬೆಳ್ಳಿಯ ಕರಡಿಗೆ ಮಾಡಿಸಬೇಕು, ಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಗುಂಡನೆಯ ಪುಟ್ಟ ಡಬ್ಬಿ. ಅವ್ವನ ಹಳೆಯ ಕಾಲುಂಗುರ, ತುಂಡಾದ ಉಡದಾರ, ಸೊಟ್ಟಗಾದ ಕುಂಕುಮದ ಬಟ್ಟಲು ಎಲ್ಲ ಕರಗಿಸಿ ಮಾಡಿಸುವುದು ಅಂತಾಯಿತು. ನನ್ನದೇನೂ ತಕರಾರಿರಲಿಲ್ಲ. ತಕರಾರು ಹುಟ್ಟಿದ್ದು ಅಣ್ಣ ಆ ಸೀರೆಯ ತುಂಡಿನ ಗಂಟನ್ನೂ ತಂದು ಅದೇ ತಾಟಿನಲ್ಲಿ ಇಟ್ಟಾಗ.

ನಾನು ಗಂಟು ಬಿಚ್ಚಿದೆ. ಕಪ್ಪು ಹಿಡಿದ ಬಿಲ್ಲೆ ಇರುತ್ತದೆ ಅಂದುಕೊಂಡಿದ್ದೆ. ಅದು ಕಪ್ಪಾಗಿರಲಿಲ್ಲ. ಅಂಚಿನಲ್ಲಿ ನವಿಲುಗರಿಯ ನೀಲಿ, ಒಳಕ್ಕೆ ಬಂದಂತೆ ಸುಟ್ಟ ಬೆಲ್ಲದ ಬಣ್ಣ, ರಾಣಿಯ ಕೆನ್ನೆಯ ಮೇಲೆ ತೆಳ್ಳಗಿನ ಚಿನ್ನದ ಛಾಯೆ. ಮತ್ತೆ ಅದರ ಮೇಲೆಲ್ಲ ಸಣ್ಣ ಸಣ್ಣ ಚೌಕಳಿ, ಯಾರೋ ಸೂಜಿಯಿಂದ ಕೊರೆದ ಹಾಗೆ. ಕೈಯಿಂದ ಮುಟ್ಟಿದರೆ ಏನೂ ಹತ್ತುವುದಿಲ್ಲ, ಓರೆ ಹಿಡಿದರೆ ಮಾತ್ರ ಕಾಣುತ್ತದೆ. ಏನದು ಅಂತ ನನಗೆ ತಿಳಿಯಲಿಲ್ಲ. ಕರಗಿಸಬಾರದು ಅಂತ ಮಾತ್ರ ತಿಳಿಯಿತು.

"ಅಣ್ಣಾ, ಇದೊಂದ ಬಿಡು. ನನಗ ಕೊಡು."

"ಅವ್ವ ಏನ್ ಅಂದಾಳ? ಬೆಳ್ಳಿ ಎಲ್ಲಾ ಕೂಸಿಗೆ ಅಂದಾಳ."

"ಇದು ಬೆಳ್ಳಿ ಅಲ್ಲ, ರೂಪಾಯಿ."

"ರೂಪಾಯಿ ಏನ್ ಬೆಲ್ಲದಾಗ ಮಾಡ್ಯಾರೇನು?"

ಅಣ್ಣನದು ಗೊಬ್ಬರದ ಅಂಗಡಿ. ಚೀಲ ಅಂದರೆ ಚೀಲ, ತೂಕ ಅಂದರೆ ತೂಕ. ಅವನ ಜೊತೆ ವಾದಕ್ಕೆ ನಿಂತರೆ ಗಂಟಲು ಒಣಗುತ್ತದೆ. ಆದರೂ ಅರ್ಧ ತಾಸು ಜಗಳಾಡಿದೆ. ಕೊನೆಗೆ ಅವನೇ ಒಂದು ದಾರಿ ಹೇಳಿದ:

"ಹಂಗಾದ್ರ ಒಂದ್ ಕೆಲಸ ಮಾಡೂಣು. ತಿಳದವರನ್ನ ಯಾರನ್ನರೆ ಕರಕೊಂಡ ಬಾ. ಇದು ನಾಣ್ಯ, ನಾಣ್ಯ ಅಂತನ ಇಟಗೋಬೇಕು ಅಂತ ಅವರು ಅಂದ್ರ ನಿಂದು. ಬರೇ ಬೆಳ್ಳಿ ಅಂದ್ರ ಕೂಸಿಂದು. ಮಾತು ಅಂದ್ರ ಮಾತು."

"ಮಾತು," ಅಂದೆ ನಾನೂ. ಫೋಟೋ ಹೊಡೆದುಕೊಂಡು, ಗಂಟು ಮತ್ತೆ ಕಟ್ಟಿ ಟ್ರಂಕಿನಲ್ಲಿಟ್ಟು, ಸಿಂದಗಿಗೆ ಬಂದೆ.

ಆ ಫೋಟೋವನ್ನು ನನ್ನ ಗೋಡೆಯ ಮೇಲೆ ಹಾಕಿದ್ದು ನಿಮಗೆ ನೆನಪಿರಬಹುದು. ನೀವು ಏನೇನು ಬರೆದಿರಿ ಅನ್ನುವುದು ನನಗಂತೂ ಚೆನ್ನಾಗಿ ನೆನಪಿದೆ. ಒಬ್ಬರು "ಲಕ್ಷಗಟ್ಟಲೆ ಬರುತ್ತದೆ ಮೇಡಂ, ನಂಬರ್ ಕಳಿಸಿ" ಅಂದರು. ಇನ್ನೊಬ್ಬರು "ಪೇಸ್ಟ್ ಹಚ್ಚಿ ತಿಕ್ಕಿ, ಫಳಫಳ ಅನ್ನುತ್ತದೆ" ಅಂದರು, ಅದಕ್ಕೆ ಎಂಬತ್ತು ಜನ ಹೆಬ್ಬೆರಳು ಎತ್ತಿದ್ದರು. ಮೂವರು ಬರೀ ಕೈಮುಗಿದರು, ಯಾಕೆ ಅಂತ ಗೊತ್ತಿಲ್ಲ. ಒಬ್ಬರು ಮಾತ್ರ ಕೆಲಸಕ್ಕೆ ಬರುವ ಮಾತು ಬರೆದರು: ಇಂಡಿಯಲ್ಲಿ ಒಬ್ಬ ನಿವೃತ್ತ ಪೋಸ್ಟ್ ಮಾಸ್ತರರಿದ್ದಾರೆ, ನಾಣ್ಯಗಳನ್ನು ಬಲ್ಲವರು, ಸುಳ್ಳು ಹೇಳುವುದಿಲ್ಲ ಅಂತ. ಆ ಕೊನೆಯ ಎರಡು ಶಬ್ದಗಳನ್ನು ನಾನು ಆಗಲೇ ಗಮನಿಸಬೇಕಿತ್ತು.

ಇಂಡಿಗೆ ಹೋದೆ. ಮಾಸ್ತರಿಗೆ ಎಪ್ಪತ್ತು ದಾಟಿದೆ. ಮನೆಯ ಹಿಂದೆ ಹತ್ತು ಹದಿನೈದು ನಿಂಬೆಗಿಡ, ಮನೆಯ ಒಳಗೆ ನಾಣ್ಯದ ಪೆಟ್ಟಿಗೆಗಳು. ಕಿಟಕಿಯ ಪಕ್ಕದ ಟೇಬಲ್ಲಿನ ಮೇಲೆ ಮೆತ್ತಗಿನ ಅರಿವೆ ಹಾಸಿ, ತಮ್ಮದೊಂದು ರೂಪಾಯಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಅಂಚು ಹಿಡಿದು ಎತ್ತಿದರು.

"ಮುಖ ಮುಟ್ಟಬಾರದು. ಕೈಯಾಗಿನ ಬೆವರು ಹತ್ತತೈತಿ. ಮೊದಲ ಕೈ ಉದ್ದ ಮಾಡಿ ದೂರ ಹಿಡಿ, ಕಣ್ಣಿಗೆ ಕೇಳು. ಭೂತಗನ್ನಡಿಗೆ ಆಮ್ಯಾಲ ಕೇಳು."

"ಕಣ್ಣಿಗೆ ಏನ್ ಕೇಳೂದ್ರಿ ಮಾಸ್ತರ್ರ?"

"ಕಳೆ ಐತೇನು ಅಂತ. ಕೆಲವ ಮಂದಿ ಮುಖದಾಗ ಇರತೈತಲ್ಲ, ಚೆಂದ ಇರೂದಿಲ್ಲ, ಖರೆ ಕಳೆ ಇರತೈತಿ. ಹಂಗ." ಆಮೇಲೆ ಭೂತಗನ್ನಡಿ ಕೊಟ್ಟರು. "ಈಗ ಸವಕಳಿ ನೋಡು. ರಾಣಿ ಕೂದಲ ಎಳಿ ಎಳಿ ಕಾಣತಾವೇನು, ಕಿರೀಟದ ಮಣಿ ಎಣಿಸಾಕ ಬರತಾವೇನು, ಕಿವಿ ಚಪ್ಪಟಿ ಆಗೇತೇನು. ಸಂತಿಯೊಳಗ ಕೈಯಿಂದ ಕೈಗೆ ತಿರಗಿದ್ದಕ್ಕ ಕಿವಿ ಮೊದಲ ಹೋಗತೈತಿ. ಸವಕಳಿ ಬ್ಯಾರೆ, ಕಳೆ ಬ್ಯಾರೆ ತಂಗಿ. ಸವೆದ ನಾಣ್ಯಕ್ಕ ಕಳೆ ಇರಬಹುದು. ಸವೆಯದ್ದಕ್ಕ ಇಲ್ಲದನೂ ಇರಬಹುದು."

ನಾನು ಮೊಬೈಲು ತೆಗೆದು ಅವ್ವನ ರೂಪಾಯಿಯ ಫೋಟೋ ತೋರಿಸಿದೆ. ಅವರು ಎರಡು ಬೆರಳಿನಿಂದ ಅದನ್ನು ಹಿಗ್ಗಿಸಿದರು. ಮತ್ತೂ ಹಿಗ್ಗಿಸಿದರು.

"ಇದನ್ನ ಅರಬಿಯೊಳಗ ಸುತ್ತಿ ಇಟ್ಟಿದ್ರೇನು?"

"ಹೌದ್ರಿ. ನಮ್ಮವ್ವನ ಸೀರಿ ತುಂಡಿನಾಗ."

"ಈ ಚೌಕಳಿ ನೋಡಿದಿ? ಇದು ನೇಯ್ಗಿ. ಬಟ್ಟಿ ನೇಯ್ಗಿ ಬೆಳ್ಳಿ ಮ್ಯಾಲ ಮೂಡೇತಿ. ನಲವತ್ತು ಐವತ್ತು ವರ್ಷ ಯಾರೂ ಅಲ್ಲಾಡಸದಂಗ ಇಟ್ರ ಮಾತ್ರ ಹಿಂಗ ಆಗೂದು. ನಾ ನನ್ನ ಜೀವನದಾಗ ಎರಡ ಸಲ ನೋಡೇನಿ."

ನನ್ನ ಅವ್ವನ ಮದುವೆ ಸೀರೆಯ ಎಳೆಗಳು. ಉದ್ದದೆಳೆ, ಅಡ್ಡದೆಳೆ, ಒಂದೊಂದೂ ರಾಣಿಯ ಕೆನ್ನೆಯ ಮೇಲೆ. ಸೀರೆ ಎಂದೋ ಹರಿದು ಚಿಂದಿಯಾಗಿ ಹೋಗಿದೆ, ಉಟ್ಟವಳೂ ಇಲ್ಲ. ಅದರ ನೇಯ್ಗೆ ಮಾತ್ರ ಇಲ್ಲಿ ಇದೆ. ನನಗೆ ಅಲ್ಲೇ ಅಳು ಬಂತು, ಮಾಸ್ತರರ ಮುಂದೆ ಅಳಬಾರದು ಅಂತ ನೀರು ಕೇಳಿ ಕುಡಿದೆ.

"ಹಂಗಾದ್ರ ಇದು ನಾಣ್ಯ ಹೌದಲ್ರಿ? ಬರೇ ಬೆಳ್ಳಿ ಅಲ್ಲಲ್ಲ?"

"ಫೋಟೋಕ್ಕ ನಾ ಮಾರ್ಕ್ಸ್ ಕೊಡೂದಿಲ್ಲವಾ. ಕಣ್ಣಾರೆ ನೋಡಬೇಕು. ಬರ್ತೇನಿ, ನಡಿ."

ಹೊರಡುವಾಗ ತಮ್ಮ ಗಿಡದ ನಿಂಬೆಹಣ್ಣು ಒಂದು ಚೀಲ ತುಂಬಿ ಕೊಟ್ಟರು. ಇಂಡಿಗೆ ಹೋದವರು ನಿಂಬೆಹಣ್ಣಿಲ್ಲದೆ ಬರುವುದುಂಟೆ. ಅಷ್ಟು ಹಣ್ಣು ನಮ್ಮ ಮನೆಯಲ್ಲಿ ಯಾರು ತಿನ್ನಬೇಕು? ಎರಡು ದಿನ ಬಿಟ್ಟು ನಮ್ಮ ಓಣಿಯವರು ಬಾಗೇವಾಡಿಗೆ ಹೊರಟಿದ್ದರು, ಅವರ ಕೈಯಲ್ಲಿ ಅರ್ಧ ಚೀಲ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಕಳಿಸಿದೆ. ಉಪ್ಪಿನಕಾಯಿ ಹಾಕಲಿ ಅಂತ. ಈ ನಿಂಬೆಹಣ್ಣನ್ನು ನೆನಪಿಟ್ಟುಕೊಳ್ಳಿ.

ಮಾಸ್ತರು ಬರುವ ದಿನ ಗೊತ್ತಾಯಿತು. ಹಿಂದಿನ ದಿನ ನಾನು ಏನೋ ಕೆಲಸಕ್ಕೆ ಆಲಮೇಲಕ್ಕೆ ಹೋಗಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಿತ್ತು, ಕಿಟಕಿಯ ಗಾಜುಗಳು ಗಡಗಡ ಅನ್ನುತ್ತಿದ್ದವು, ಹಿಂದಿನ ಸೀಟಿನಲ್ಲಿ ಯಾರದೋ ಮೊಬೈಲಿನಲ್ಲಿ ಭಜನೆ. ಅಲ್ಲಿಂದಲೇ ವೈನಿಗೆ ಫೋನು ಹಚ್ಚಿದೆ. ಮನೆಗೆ ಬಂದ ಮೇಲೆ ಹಚ್ಚಬಹುದಿತ್ತು. ಹಚ್ಚಲಿಲ್ಲ.

"ವೈನಿ, ನಾಳೆ ಮಾಸ್ತರನ್ನ ಕರಕೊಂಡ ಬರಾಕತ್ತೇನಿ! ಅವ್ವನ ರೂಪಾಯಿ ನೋಡಾಕ ಬರ್ತಾರ! ತಗದಿಡ್ರಿ!"

"ಏನ್ ಮಾಡಲಿ?"

"ರೂಪಾಯಿ! ತಗದಿಡ್ರಿ!"

"ಹಾಂ?"

"ತಗದಿಡ್ರಿ ವೈನಿ, ತಗದಿಡ್ರಿ!"

"ಹ್ಞಾ ಹ್ಞಾ, ಆತು ಆತು. ಛಲೋ ಆತು. ನೀ ಚಿಂತಿ ಬಿಡು."

ಪಕ್ಕದಲ್ಲಿ ಕುಳಿತಿದ್ದ ಅಜ್ಜಿ, "ಯಾಕವಾ, ಅಟ್ಟದ ಮ್ಯಾಲಿಂದ ಏನರೆ ತಗಸಾಕತ್ತೀ?" ಅಂತ ಕೇಳಿದಳು. ಗುರುತಿಲ್ಲದ ಆ ಅಜ್ಜಿಗೆ ಸರಿಯಾಗಿ ಕೇಳಿಸಿತ್ತು. ಕೇಳಿಸಬೇಕಾದವರಿಗೆ ಕೇಳಿಸಿರಲಿಲ್ಲ.

ಮರುದಿನ ಮಾಸ್ತರು ಇಂಡಿಯಿಂದ ಸಿಂದಗಿಗೆ ಬಂದರು. ಇಬ್ಬರೂ ಕೂಡಿ ಬಾಗೇವಾಡಿಯ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅವರು ಆ ನೇಯ್ಗೆಯ ಮಾತೇ ಆಡಿದರು. ಸುಳ್ಳು ಬಣ್ಣ ಕಟ್ಟುವವರೂ ಇದ್ದಾರೆ, ಗಂಧಕದ ಹೊಗೆ ಕೊಟ್ಟು ನೀಲಿ ಮಾಡುತ್ತಾರೆ, ಆದರೆ ನೇಯ್ಗೆಯನ್ನು ಯಾರೂ ಮಾಡಲಾರರು ಅಂದರು. ಮಡಚಿದ ಅರಿವೆ, ಭೂತಗನ್ನಡಿ ಎರಡೂ ಅವರ ಅಂಗಿಯ ಜೇಬಿನಲ್ಲಿದ್ದವು.

ಮನೆಯ ಬಾಗಿಲಿಗೆ ರಂಗೋಲಿ ಬಿದ್ದಿತ್ತು. ಹೊರಗೆ ಕಾಲಿಗೆ ನೀರು ಇಟ್ಟಿದ್ದರು. ಒಳಗೆ ಹೊಸ ಚಾದರ ಹಾಸಿದ ಮಂಚ, ಉಪ್ಪಿಟ್ಟು, ಶಿರಾ. ವೈನಿ ರೇಷ್ಮೆ ಅಂಚಿನ ಸೀರೆ ಉಟ್ಟು ನಿಂತಿದ್ದಳು. ಕನ್ಯೆ ನೋಡಲು ಬಂದವರಿಗೆ ಮಾಡುವ ಉಪಚಾರ ಅದು. ಅಣ್ಣ ಅಂಗಡಿಗೆ ಆಳನ್ನು ಕೂರಿಸಿ ಬಂದಿದ್ದ. ಉಪ್ಪಿಟ್ಟು ಮುಗಿಯಿತು.

"ತರ್ರಿ ವೈನಿ," ಅಂದೆ.

ವೈನಿ ತಾಟು ಹಿಡಿದು ಬಂದಳು. ತಾಟಿನಲ್ಲಿ ವೀಳ್ಯದೆಲೆ, ಎಲೆಯ ಮೇಲೆ ರೂಪಾಯಿ. ರಾಣಿಯ ಹಣೆಗೆ ಕುಂಕುಮ ಬೇರೆ. ಹೊರಗಿನ ಬಿಸಿಲು ಅದರ ಮೇಲೆ ಬಿದ್ದು ನನ್ನ ಕಣ್ಣಿಗೆ ಹೊಡೆಯಿತು. ಸ್ಟೀಲಿನ ಲೋಟದ ತಳ ಹೊಳೆಯುತ್ತದಲ್ಲ, ಹಾಗೆ ಹೊಳೆಯುತ್ತಿತ್ತು. ನೀಲಿ ಇಲ್ಲ, ಬೆಲ್ಲ ಇಲ್ಲ, ಚೌಕಳಿ ಇಲ್ಲ.

ವೈನಿ ಮಾತಾಡಿದಳು, ಮುಖ ಅರಳಿಸಿಕೊಂಡು:

"ನೋಡು, ಎಷ್ಟ ಕಳೆ ಬಂತು! ನೀ ಕಳಿಸಿದ ನಿಂಬಿಹಣ್ಣಿಂದನ ತಿಕ್ಕಿದೆ. ಎರಡ ಹಣ್ಣು ಹಿಂಡಿ, ಮ್ಯಾಲ ವಿಭೂತಿ ಹಚ್ಚಿ, ಇಷ್ಟೊತ್ತು ತಿಕ್ಕೇನಿ. ರಟ್ಟಿ ನೋಯಾಕತ್ಯಾವ."

"ಯಾಕ್... ಯಾಕ್ ತೊಳದ್ರಿ ವೈನಿ?"

"ನೀನ ಅಂದೆಲ್ಲವಾ! ಒಮ್ಮೆ ಅಲ್ಲ, ಮೂರ ಸಲ ಒದರಿದಿ. ತೊಳದಿಡ್ರಿ, ತೊಳದಿಡ್ರಿ ಅಂತ."

"ತಗದಿಡ್ರಿ ಅಂದಿನ್ರಿ ನಾ! ತ-ಗ-ದಿ-ಡ್ರಿ! ಟ್ರಂಕಿನಾಗಿಂದ ತಗದು ಇಡ್ರಿ ಅಂತ!"

"ತಗದಿಡಾಕ ಅದೇನ್ ಬಾವಿಯೊಳಗ ಬಿದ್ದಿತ್ತೇನು, ಮೂರ ಸಲ ಹೇಳಾಕ? ಮಂದಿ ನೋಡಾಕ ಬರ್ತಾರ ಅಂದಿ. ನೋಡಾಕ ಬರೂಮುಂದ ಮುಖ ತೊಳಕೊಂಡ ಕುಂದ್ರತಾರೋ, ಮಸಿ ಹಚಗೊಂಡ ಕುಂದ್ರತಾರೋ?"

ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಎಲ್ಲದಕ್ಕೂ ನ್ಯಾಯವಿದೆ ಅವಳ ಮಾತಿನಲ್ಲಿ, ಅದೇ ಸಂಕಟ. "ಆ ಸೀರಿ ತುಂಡರೆ ಎಲ್ಲೈತ್ರಿ?" ಅಂದೆ. ಅದರಲ್ಲಾದರೂ ರೂಪಾಯಿಯ ಗುರುತು ಉಳಿದಿರಬಹುದು ಅಂತ ಒಂದು ಆಸೆ. ವೈನಿ ಹಿತ್ತಲಿನ ಕಡೆ ಗದ್ದ ಎತ್ತಿ ತೋರಿಸಿದಳು. ಹಗ್ಗದ ಮೇಲೆ, ಅಣ್ಣನ ಬನಿಯನ್ನುಗಳ ನಡುವೆ, ಅವ್ವನ ಸೀರೆಯ ತುಂಡು ಒಗೆಸಿಕೊಂಡು, ನೀಲಿ ಹಾಕಿಸಿಕೊಂಡು, ಗಾಳಿಗೆ ಆಡುತ್ತಿತ್ತು.

"ಅದರಾಗ ಒಂದ ಗುಂಡಗಿನ ಕರೀ ಕಲಿ ಬಿದ್ದಿತ್ತವಾ, ಹೋಗವಲ್ದಾಗಿತ್ತು. ಸೋಡಾ ಹಾಕಿ ಕುದಸಿ ತಗದೆ," ಅಂದಳು. ಈ ಸಲ ತೆಗೆದದ್ದು ಸರಿಯಾಗಿ ತೆಗೆದಿದ್ದಳು.

ಮಾಸ್ತರು ಅರಿವೆ ಹಾಸಿದರು. ಕುಂಕುಮ ಊದಿ ರೂಪಾಯಿಯ ಅಂಚು ಹಿಡಿದು ಕೈ ಉದ್ದ ಮಾಡಿದರು. ಕಣ್ಣಿಗೆ ಕೇಳಿದರು. ಆಮೇಲೆ ಕಿಟಕಿಗೆ ಸರಿದು ಭೂತಗನ್ನಡಿಗೆ ಕೇಳಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣಿನಲ್ಲೇ ಬೇಡಿಕೊಂಡೆ. ಒಂದು ಸುಳ್ಳು ಹೇಳಿ ಮಾಸ್ತರ್ರೇ, ಒಂದೇ ಒಂದು. ನಾಣ್ಯ ಅಂದುಬಿಡಿ. ಅಣ್ಣನಿಗೆ ಏನು ಗೊತ್ತಾಗುತ್ತದೆ?

"ಸವಕಳಿ ಏನೂ ಇಲ್ಲ," ಅಂದರು ಅವರು. "ಕೂದಲ ಎಳಿ ಎಳಿ ಐತಿ. ಕಿವಿ ಹೆಂಗೈತಿ ಹಂಗೈತಿ. ಅಂಚಿನ ಹಲ್ಲು ಒಂದೂ ಮುರದಿಲ್ಲ. ಇದು ಸಂತಿ ಕಂಡಿಲ್ಲ. ನಿಮ್ಮವ್ವ, ಆಕಿ ಅವ್ವ, ಇಬ್ರೂ ಇದನ್ನ ಒಂದ ದಿನಾನೂ ಖರ್ಚಿಗೆ ತಗದಿಲ್ಲ."

"ಹಂಗಾದ್ರ?" ಅಂದ ಅಣ್ಣ.

"ಖರೆ ಮೈತುಂಬ ಗೀರು. ವಿಭೂತಿಯೊಳಗ ಉಸುಕಿನ ಕಣ ಇತ್ತು ಕಾಣತೈತಿ. ಹುಳಿ ಬಿದ್ದು ಮ್ಯಾಲಿನ ಪದರ ಹೋಗೇತಿ. ಹೊಳಪು ಐತಿ, ಕಳೆ ಇಲ್ಲ."

"ನಮಗ ಒಂದ ಮಾತಿನಾಗ ಹೇಳ್ರಿ ಮಾಸ್ತರ್ರ. ನಾಣ್ಯೋ, ಬೆಳ್ಳೀಯೋ?"

ಮಾಸ್ತರು ನನ್ನ ಕಡೆ ನೋಡಿದರು. ಆಮೇಲೆ ರೂಪಾಯಿಯ ಕಡೆ.

"ಮೊನ್ನಿ ಕೇಳಿದ್ರ ನಾಣ್ಯ ಅಂತಿದ್ದೆ. ಇವತ್ತ ಬೆಳ್ಳಿ."

ಅಣ್ಣ ಕುಣಿಯಲಿಲ್ಲ, ಅದನ್ನು ಹೇಳಬೇಕು. ಸುಮ್ಮನೆ ತಾಟು ಎತ್ತಿಕೊಂಡು ಒಳಗೆ ಹೋದ. "ಮಾತು ಅಂದ್ರ ಮಾತವಾ" ಅಂದ, ಮೆತ್ತಗೆ. ಅವನು ಜೋರು ಮಾಡಿದ್ದರೆ ನಾನೂ ಜೋರು ಮಾಡಬಹುದಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲ.

ನಾನು ಅಡುಗೆಮನೆಗೆ ಹೋಗಿ ವೈನಿಯ ಮೇಲೆ ಹರಿಹಾಯ್ದೆ. ಏನೇನು ಅಂದೆನೋ ಈಗ ಬರೆಯಲಾರೆ. ಅವಳು ಉಪ್ಪಿಟ್ಟಿನ ತಾಟುಗಳನ್ನು ಬಳಿಯುತ್ತ ಎಲ್ಲ ಕೇಳಿಸಿಕೊಂಡಳು. ಆಮೇಲೆ ತಿರುಗಿ ನಿಂತಳು.

"ನಾ ಈ ಮನಿಗೆ ಬಂದು ಮೂವತ್ತ ವರ್ಷಾತು. ಪ್ರತಿ ದೀಪಾವಳಿಗೆ ನಿಮ್ಮವ್ವ ಬೆಳ್ಳಿ ಎಲ್ಲಾ ನನ್ನ ಕೈಲೆ ತೊಳಸ್ತಿದ್ಲು. ಉಡದಾರ ತೊಳದೆ, ಕುಂಕುಮದ ಬಟ್ಟಲ ತೊಳದೆ, ಆಕಿ ಕಾಲುಂಗುರ ತೊಳದೆ. ಆ ಗಂಟು ಒಂದ ಮುಟ್ಟಗೊಡ್ತಿದ್ದಿಲ್ಲ. 'ಅದು ನಮ್ಮವ್ವಂದು, ಬಿಡು' ಅಂತಿದ್ಲು. ಒಮ್ಮೆ ಬಿಚ್ಚಾಕ ಕೈ ಹಾಕಿದ್ದಕ್ಕ ಎರಡ ದಿನ ಮಾತ ಬಿಟ್ಟಿದ್ಲು. ಮೂವತ್ತ ವರ್ಷ, ಅದರಾಗ ಏನೈತಿ, ಎಷ್ಟ ಕರ್ರಗಾಗೇತಿ ಅಂತ ನನ್ನ ಕೈ ತುರಸ್ತಿತ್ತು. ನೀ ಫೋನಿನಾಗ ಒದರಿದಿ. ತೊಳದಿಡ್ರಿ ಅಂತನ ಕೇಳಿಸ್ತು. ನಿನ್ನಾಣಿ, ಹಂಗ ಕೇಳಿಸ್ತು."

ಮೂವತ್ತು ವರ್ಷ ಕೈ ತುರಿಸಿದವಳ ಕಿವಿಗೆ ಬೇರೆ ಏನು ಕೇಳಿಸೀತು? ಅರ್ಥವಾಗುತ್ತದೆ. ಅರ್ಥವಾದರೆ ಸಿಟ್ಟು ಹೋಗುತ್ತದೆ ಅಂತ ಯಾರೋ ಹೇಳುತ್ತಾರೆ. ಸುಳ್ಳು. ನನಗೆ ಅರ್ಥವೂ ಆಯಿತು, ಸಿಟ್ಟೂ ಹಾಗೇ ಇತ್ತು. ಹಗ್ಗದ ಮೇಲಿನ ತುಂಡನ್ನು ಎಳೆದುಕೊಂಡು ಚೀಲಕ್ಕೆ ತುರುಕಿ ಹೊರಟೆ.

ಬಸ್ ಸ್ಟ್ಯಾಂಡಿನಲ್ಲಿ ಮಾಸ್ತರರ ಮೇಲೂ ಕೂಗಾಡಿದೆ. "ಒಂದ ಸುಳ್ಳು ಹೇಳಿದ್ರ ನಿಮ್ಮ ಗಂಟೇನ್ ಹೋಗ್ತಿತ್ರಿ?"

"ನಾ ಸುಳ್ಳು ಹೇಳಾವ ಆಗಿದ್ರ ನೀ ಇಂಡಿತನಕ ಯಾಕ ಬರ್ತಿದ್ದಿ?" ಅಂದರು.

ಆಮೇಲೆ ನಾನೇ ಕೇಳಿದೆ. "ಆ ಬಣ್ಣ ಮತ್ತ ಬರೂದಿಲ್ಲೇನ್ರಿ?"

"ಬರತೈತಿ. ಅದ ಸೀರಿ ತುಂಡಿನಾಗ ಸುತ್ತಿ ಇಟ್ರ ಬರಬಹುದು. ನಲವತ್ತು ವರ್ಷ ಬೇಕು."

"ನನಗ ಈಗ ಐವತ್ತೆರಡು."

"ಹಂಗಾದ್ರ ಲಗೂ ಸುತ್ತು."

ಸುತ್ತಲಿಕ್ಕೆ ರೂಪಾಯಿ ನನ್ನ ಕೈಯಲ್ಲಿ ಎಲ್ಲಿದೆ? ಮುಂದಿನ ಸೋಮವಾರ ಅದು ಮುದ್ದೇಬಿಹಾಳದ ಪತ್ತಾರರ ಅಂಗಡಿಯಲ್ಲಿ ಕರಗುವುದಿತ್ತು. ನಮ್ಮ ತವರಿನ ಬಂಗಾರ ಬೆಳ್ಳಿಯೆಲ್ಲ ಮೊದಲಿನಿಂದ ಆ ಒಂದೇ ಅಂಗಡಿಯಲ್ಲಿ. ಆ ನಾಲ್ಕು ದಿನ ನಾನು ನನ್ನ ಜೊತೆಗೇ ವಾದ ಮಾಡಿದೆ. ನೇಯ್ಗೆ ಹೋಯಿತು, ಕಳೆ ಹೋಯಿತು, ಇನ್ನೇನು ಉಳಿದಿದೆ ಅಂತ ಹಟ? ಆದರೆ ಮಾಸ್ತರು ಹೇಳಿದ ಇನ್ನೊಂದು ಮಾತು ಒಳಗೆ ಕುಳಿತುಬಿಟ್ಟಿತ್ತು. ಸಂತೆ ಕಂಡಿಲ್ಲ. ನಮ್ಮ ಮನೆಯಲ್ಲಿ ಒಂದು ಹೊತ್ತು ರೊಟ್ಟಿಗೆ ಪಲ್ಯ ಇಲ್ಲದ ದಿನಗಳಿದ್ದವು. ನನ್ನ ಹೈಸ್ಕೂಲಿನ ಫೀಸಿಗೆ ಅವ್ವ ಕಿವಿಯ ಬೆಂಡೋಲೆ ಕಳಚಿ ಕೊಟ್ಟದ್ದು ನನಗೆ ನೆನಪಿದೆ. ಆಗಲೂ ಈ ರೂಪಾಯಿ ಟ್ರಂಕಿನ ತಳದಲ್ಲೇ ಇತ್ತು. ಅದನ್ನು ಮೂಸೆಯಲ್ಲಿ ಹಾಕುವುದು ನೋಡಿಕೊಂಡು ಸಿಂದಗಿಯಲ್ಲಿ ಕುಳಿತುಕೊಳ್ಳಲೇ?

ಸೋಮವಾರ ಯಾರಿಗೂ ಹೇಳದೆ ಮುದ್ದೇಬಿಹಾಳಕ್ಕೆ ಹೋದೆ. ಅಣ್ಣ, ವೈನಿ ಇಬ್ಬರೂ ಪತ್ತಾರರ ಎದುರು ಕುಳಿತಿದ್ದರು. ತಕ್ಕಡಿಯ ಪಕ್ಕ ಅವ್ವನ ಸಾಮಾನು. ನಾನು ಚಪ್ಪಲಿ ಕಳಚಿ ಒಳಗೆ ಹೋಗಿ, ಕುಳಿತು, ಎಡಗಾಲಿನ ಬೆಳ್ಳಿ ಚೈನು ಬಿಚ್ಚಿ ಮುಂದಿಟ್ಟೆ.

"ರೂಪಾಯಿ ಎಷ್ಟ ತೂಕ ಐತಿ, ಅಷ್ಟ ಇದರಾಗ ತಗೋರಿ. ಕೂಸಿನ ಬೆಳ್ಳಿ ಕಡಿಮಿ ಆಗಬಾರದು ಅಷ್ಟ ಅಲ್ಲೇನು ಅಣ್ಣಾ?"

ಅಣ್ಣ ನನ್ನನ್ನು ನೋಡಿದ, ಚೈನು ನೋಡಿದ. "ತೂಕಕ್ಕ ತೂಕ ಆದ್ರ ನಂದೇನ್ ತಕರಾರಿಲ್ಲ."

ಪತ್ತಾರರು ರೂಪಾಯಿ ತೂಗಿದರು. "ರಾಣಿ ಛಾಪ ಅಂದ್ರ ಒಂದ ತೊಲಿರಿ ಅಕ್ಕಾರ. ನಮ್ಮ ಅಜ್ಜಾರ ಕಾಲದಾಗ ತೂಕದ ಕಲ್ಲ ಬದಲಿ ಇದನ್ನ ಇಡ್ತಿದ್ರು." ಆಮೇಲೆ ಚೈನು ಒರೆಗೆ ಹಚ್ಚಿ ಮುಖ ಕಿವುಚಿದರು. "ಇದರಾಗ ಮಿಶ್ರ ಭಾಳ ಐತ್ರಿ. ರೂಪಾಯಿ ಬೆಳ್ಳಿಗೆ ಸರಿಗಟ್ಟಬೇಕಂದ್ರ ಚೈನು ಪೂರ್ತಿ ಬೇಕಾಗತೈತಿ."

ನನ್ನ ಚೈನೂ ಮೋಸದ್ದು. ಆ ದಿನ ಅದೊಂದು ಬಾಕಿ ಇತ್ತು. "ಪೂರ್ತಿ ತಗೋರಿ," ಅಂದೆ.

ಅಷ್ಟರಲ್ಲಿ ವೈನಿ ತನ್ನ ಕಾಲುಂಗುರಕ್ಕೆ ಕೈ ಹಾಕಿದಳು. "ತೊಳದಾಕಿ ನಾನು. ನಂದ ಹಾಕ್ರಿ. ಆಕಿ ಚೈನು ಆಕಿಗಿ ಕೊಡ್ರಿ."

"ಬ್ಯಾಡ್ರಿ ವೈನಿ."

"ಯಾಕ? ನನ್ನ ಬೆಳ್ಳಿಗೆ ಮುಳ್ಳ ಐತೇನು?"

"ಮುತ್ತೈದಿ ಕಾಲುಂಗುರ ಕರಗಸ್ತಾರೇನ್ರಿ? ಬ್ಯಾಡ ಅಂದ್ರ ಬ್ಯಾಡ."

ಕಾಲುಂಗುರದ್ದು ನೆಪ. ಅವಳು ಬದಲಿ ಕೊಟ್ಟುಬಿಟ್ಟರೆ ಲೆಕ್ಕ ಚುಕ್ತಾ ಆಗುತ್ತದೆ, ಆಮೇಲೆ ನಾನು ಅವಳ ಮೇಲೆ ಸಿಟ್ಟು ಇಟ್ಟುಕೊಳ್ಳಲು ಬರುವುದಿಲ್ಲ. ನನಗೆ ಆ ಸಿಟ್ಟು ಇನ್ನೂ ಕೆಲವು ದಿನ ಬೇಕಿತ್ತು. ನೇಯ್ಗೆ ಹೋದ ಜಾಗದಲ್ಲಿ ಏನಾದರೂ ಇರಬೇಕಲ್ಲ. ವೈನಿಗೂ ಅದು ತಿಳಿಯಿತೋ ಏನೋ, ಕಾಲುಂಗುರ ಬಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡಳು.

ಚೈನು ಅವ್ವನ ಸಾಮಾನಿನ ಜೊತೆ ಸೇರಿತು. ರೂಪಾಯಿ ನನ್ನದಾಯಿತು. ನಾನು ಮಾಸ್ತರರ ಹಾಗೆ ಅಂಚು ಹಿಡಿದು, ಪತ್ತಾರರ ಭೂತಗನ್ನಡಿಯನ್ನೇ ಇಸಿದುಕೊಂಡು ನೋಡಿದೆ. ಕೆನ್ನೆಯ ಮೇಲೆ ಸಣ್ಣ ಗೀರುಗಳು, ಸುತ್ತ ಸುತ್ತ, ಒಂದೇ ಕಡೆಗೆ ತಿರುಗಿದ್ದವು. ವೈನಿಯ ಹೆಬ್ಬೆರಳಿನ ಸುತ್ತು. ಅವ್ವನ 'ಬಿಡು' ಅನ್ನುವ ಮಾತನ್ನು ಮೂವತ್ತು ವರ್ಷ ಕೇಳಿದ ಹೆಬ್ಬೆರಳು.

ಚೀಲದಿಂದ ಸೀರೆಯ ತುಂಡು ತೆಗೆಯುತ್ತಿದ್ದೆ. ಪತ್ತಾರರು ನನ್ನ ಕೈಯಿಂದ ರೂಪಾಯಿಯನ್ನು ಮೆಲ್ಲಗೆ ತೆಗೆದುಕೊಂಡರು. ಗಿರಾಕಿಗೆ ವಸ್ತು ಕೊಡುವಾಗ ಹಾಗೇ ಕೊಡುವುದು ಅವರ ಪದ್ಧತಿಯಲ್ಲ. ಪಕ್ಕದಲ್ಲಿದ್ದ ಅಂಟುವಾಳದ ನೀರಿನ ಬಟ್ಟಲಲ್ಲಿ ಬ್ರಶ್ ಅದ್ದಿ, "ಒಂದ ಕೈ ಹೊಡದ ಕೊಡ್ತೇನ್ರಿ ಅಕ್ಕಾರ, ಕುಂಕುಮದ ಕಲಿ ಉಳದೈತಿ" ಅಂದರು.

"ತೊಳೀಬ್ಯಾಡ್ರೀ!"

ಅಂಗಡಿಯೆಲ್ಲ ತಿರುಗಿ ನೋಡಿತು. ಪತ್ತಾರರ ಕೈಯಿಂದ ಬ್ರಶ್ ಬಿತ್ತು. ಕೂಗಿದ್ದು ನಾವಿಬ್ಬರೂ, ಆದರೆ ವೈನಿಯ ಧ್ವನಿ ನನಗಿಂತ ಜೋರಾಗಿತ್ತು.